‘ಹಾಗಾದರೆ ನಾನು ಮಾಡಿದ್ದೆಲ್ಲ ಏನಾಯ್ತು?’

ಪ್ರಶ್ನೆ: ನಮ್ಮ ಸೋದರಮಾವ 30 ವರ್ಷ ಕುಡಿದು ಮನೆಮಂದಿಯನ್ನೆಲ್ಲ ಗೋಳು ಹುಯ್ದುಕೊಂಡವರು. ಕೊನೆಯ ಎರಡು ವಾರ ಆಸ್ಪತ್ರೆಯಲ್ಲಿದ್ದಾಗ ಅತ್ತು, ಕ್ಷಮೆ ಕೇಳಿ, ಯೇಸುವನ್ನು ನಂಬಿ ತೀರಿಕೊಂಡರು. ಸಮಾಧಿಯ ದಿನ ಚರ್ಚಿನ ಅಯ್ಯನವರು, ‘ನೀತಿ ಸಂಪಾದನೆಯಲ್ಲ, ವರ, ಈ ಸಹೋದರನೂ ದೇವರ ಮುಂದೆ ನೀತಿವಂತನೇ’ ಎಂದರು. ನಮ್ಮ ಅಮ್ಮನಿಗೆ 76 ವರ್ಷ. ಲೆಂಟ್ ಉಪವಾಸ ಒಂದು ವರ್ಷವೂ ತಪ್ಪಿಸಿದವರಲ್ಲ. ದಿನಾ ಅನ್ನಕ್ಕಿಡುವ ಮುಂಚೆ ದೇವರಿಗೆಂದು ಹಿಡಿ ಅಕ್ಕಿ ಡಬ್ಬಿಗೆ ಹಾಕುತ್ತಾರೆ. ಆ ರಾತ್ರಿ, ‘ಹಾಗಾದರೆ ನಾನು ಮಾಡಿದ್ದೆಲ್ಲ ಏನಾಯ್ತು?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಎಲ್ಲ ಪುಕ್ಕಟೆ ಅಂದಮೇಲೆ ಒಳ್ಳೆಯವರಾಗಿ ಬದುಕುವುದಾದರೂ ಯಾಕೆ? (ಧಾರವಾಡದ ಓದುಗರೊಬ್ಬರು)

ಉತ್ತರ: ಸಹೋದರರೇ, ನಿಮ್ಮ ತಾಯಿಯ ಪ್ರಶ್ನೆಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೃಪೆಯ ಬೋಧನೆಯನ್ನು ನಾವು ಪಾಠ ಮಾಡುವವರು, ಪ್ರಸಂಗ ಮಾಡುವವರು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ ಎಂದರೆ, ಅದು ಕೇಳುವವರ ಎದೆಯಲ್ಲಿ ಎಲ್ಲಿ ನಾಟುತ್ತದೆ ಎಂದು ನೋಡುವುದೇ ಇಲ್ಲ. ನಿಮ್ಮ ಅಯ್ಯನವರು ಹೇಳಿದ್ದು ಸರಿ. ಆದರೆ ಅದನ್ನು ಅರ್ಧಕ್ಕೇ ಬಿಟ್ಟರೇನೋ. ಉಳಿದರ್ಧ ನಿಮ್ಮ ತಾಯಿಗೆ ಸಲ್ಲಬೇಕಾದದ್ದು.

ಮೊದಲು ಮಾತಿನ ತೊಡಕು ಬಿಡಿಸೋಣ. ‘ನೀತಿ’ ಎಂದರೆ ಕನ್ನಡದ ಕಿವಿಗೆ ನಡತೆ. ನೀತಿಕತೆ, ನೀತಿಪಾಠ, ನೀತಿಗೆಟ್ಟವನು ಎಂದೆಲ್ಲ ದಿನಾ ಹೇಳುತ್ತೇವೆ. ‘ವರ’ ಎಂದರೆ ತಪಸ್ಸಿಗೆ ಮೆಚ್ಚಿ ದೇವರು ಕೊಡುವುದು. ನಮ್ಮ ಪುರಾಣಗಳಲ್ಲಿ ಒಂಟಿಕಾಲಲ್ಲಿ ನಿಲ್ಲದೆ ವರ ಪಡೆದವರು ವಿರಳ. ಈ ಎರಡನ್ನೂ ಸೇರಿಸಿ ‘ನೀತಿಯ ವರ’ ಎಂದಾಗ, ಒಳ್ಳೆಯ ನಡತೆಗೆ ದೇವರು ಮೆಚ್ಚಿ ಕೊಡುವ ಬಹುಮಾನ ಎಂದೇ ಮನಸ್ಸು ಹಿಡಿದುಕೊಳ್ಳುತ್ತದೆ. ಯೇಸುವಿನ ಅಪೊಸ್ತಲ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದದ್ದು ಇದಕ್ಕೆ ತೀರಾ ವಿರುದ್ಧ.

ಪೌಲನ ಗ್ರೀಕ್ ಮಾತು ‘ದಿಕಾಯೊಸೂನೆ’. ಅದರ ಹಿಂದೆ ನ್ಯಾಯಸ್ಥಾನವಿದೆ. ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ ಇಬ್ಬರು ವ್ಯಾಜ್ಯ ತಂದಾಗ ನ್ಯಾಯಾಧಿಪತಿ ಒಬ್ಬನನ್ನು ನೀತಿವಂತನೆಂದು, ಇನ್ನೊಬ್ಬನನ್ನು ಅಪರಾಧಿಯೆಂದು ತೀರ್ಪು ಕೊಡಬೇಕು ಎಂದಿದೆ. ಅಲ್ಲಿ ನೀತಿವಂತ ಎಂದರೆ ಬಹಳ ಸದ್ಗುಣಿ ಎಂದಲ್ಲ. ಯಾರ ಪರವಾಗಿ ತೀರ್ಪಾಯಿತೋ ಅವನು, ತಲೆ ಎತ್ತಿಕೊಂಡು ಮನೆಗೆ ಹೋಗಬಹುದಾದವನು. ನಮ್ಮ ಹಳೆಯ ಅನುವಾದದ ‘ನೀತಿವಂತರೆಂದು ನಿರ್ಣಯ’ ಎಂಬ ಮಾತಿನಲ್ಲಿ ಆ ಕೋರ್ಟಿನ ವಾಸನೆ ಉಳಿದಿದೆ. ಈಚಿನ ಸರಳ ಅನುವಾದದವರು ‘ದೇವರೊಡನೆ ಸತ್ಸಂಬಂಧ’ ಎಂದು ಬರೆದರು. ಎರಡೂ ಬೇಕು ಎನ್ನುತ್ತೇನೆ ನಾನು: ತೀರ್ಪಿನ ಗಟ್ಟಿತನವೂ ಇರಲಿ, ಸಂಬಂಧದ ಬಿಸುಪೂ ಇರಲಿ.

ಈಗ ಯೆಹೂದ್ಯರ ಮೂಲಪುರುಷ ಅಬ್ರಹಾಮನ ವಿಷಯ. ರೋಮಾಪುರದ ಪತ್ರಿಕೆಯ 4ನೇ ಅಧ್ಯಾಯವೆಲ್ಲ ಅವನ ಮೇಲೆಯೇ ನಿಂತಿದೆ. ಆದಿಕಾಂಡ 15:6ರಲ್ಲಿ, ಮಕ್ಕಳಿಲ್ಲದ ಆ ಮುದುಕ ನಕ್ಷತ್ರಗಳನ್ನು ನೋಡುತ್ತ ದೇವರ ಮಾತನ್ನು ನಂಬುತ್ತಾನೆ. ದೇವರು ಅದನ್ನು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸುತ್ತಾನೆ. ಪೌಲ ಕೇಳುವ ಪ್ರಶ್ನೆ ಒಂದೇ: ಇದು ಯಾವಾಗ ಆಯಿತು, ಸುನ್ನತಿಗೆ ಮೊದಲೋ ಆಮೇಲೋ? ಪುಟ ತಿರುಗಿಸಿ ನೋಡಿ. ಮಗ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಅದು 16ನೇ ಅಧ್ಯಾಯ. ಸುನ್ನತಿಯಾದಾಗ 99, ಅದು 17ನೇ ಅಧ್ಯಾಯ. ಅಂದರೆ ತೀರ್ಪು ಬಂದು ಕಡಿಮೆಯೆಂದರೂ 13 ವರ್ಷ ಕಳೆದ ಮೇಲೆ ದೇಹದ ಮೇಲಿನ ಗುರುತು. ಧರ್ಮಶಾಸ್ತ್ರ ಬಂದದ್ದಂತೂ ಇನ್ನೂ ಎಷ್ಟೋ ತಲೆಮಾರುಗಳಾಚೆ, ಮೋಶೆಯ ಕಾಲಕ್ಕೆ. ಏನನ್ನೂ ಮಾಡಿ ತೋರಿಸುವ ಮೊದಲೇ ಅವನ ಲೆಕ್ಕ ಬರೆದಾಗಿತ್ತು. ‘ಲೆಕ್ಕಕ್ಕೆ ಎಣಿಸು’ ಎಂಬ ಆ ವ್ಯಾಪಾರದ ಕ್ರಿಯಾಪದವನ್ನು ಪೌಲ ಅದೊಂದೇ ಅಧ್ಯಾಯದಲ್ಲಿ 11 ಸಲ ಬಳಸುತ್ತಾನೆ. ಕೆಲಸ ಮಾಡಿದವನಿಗೆ ಕೊಡುವ ಕೂಲಿ ದಾನವಲ್ಲ, ಅದು ಸಲ್ಲಬೇಕಾದ ಬಾಕಿ ಎಂದೂ ಹೇಳುತ್ತಾನೆ. ದೇವರು ಮನುಷ್ಯನಿಗೆ ಬಾಕಿದಾರನಲ್ಲ.

ಅದಕ್ಕಿಂತ ಒಂದು ಮೊದಲಿನ ಅಧ್ಯಾಯದಲ್ಲಿ ‘ಉಚಿತವಾಗಿ’ ಎಂಬ ಮಾತಿದೆ. ಗ್ರೀಕಿನಲ್ಲಿ ‘ದೊರೆಯಾನ್’. ಇದೇ ಪದ ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಬರುವಾಗ ನಾವು ಬೇರೆ ರೀತಿ ಅನುವಾದಿಸುತ್ತೇವೆ: ಜನರು ಯೇಸುವನ್ನು ‘ನಿಷ್ಕಾರಣವಾಗಿ’ ದ್ವೇಷಿಸಿದರು. ಆತನಲ್ಲಿ ದ್ವೇಷಕ್ಕೆ ಕಾರಣವೇ ಇರಲಿಲ್ಲ. ಹಾಗೆಯೇ ನಮ್ಮನ್ನು ನೀತಿವಂತರೆನ್ನಲು ನಮ್ಮಲ್ಲಿ ಕಾರಣವಿರಲಿಲ್ಲ. ‘ಪುಕ್ಕಟೆ’ ಎಂದು ನೀವು ಬರೆದಿರಿ. ಪುಕ್ಕಟೆ ಎಂದರೆ ಬೆಲೆಯಿಲ್ಲದ್ದು ಎನಿಸುತ್ತದೆ. ನಿಷ್ಕಾರಣ ಎಂದು ಓದಿ ನೋಡಿ. ಬೆಲೆ ಇತ್ತು, ಶಿಲುಬೆಯಷ್ಟು. ಅದನ್ನು ತೆರಬೇಕೆಂಬ ಕಾರಣ ಮಾತ್ರ ನಮ್ಮ ಕಡೆಯದಾಗಿರಲಿಲ್ಲ.

ಇಲ್ಲಿ ಓದು ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ, ಎತ್ತಲೇಬೇಕು. ಜ್ಞಾನೋಕ್ತಿ 17:15ರಲ್ಲಿ, ದುಷ್ಟನನ್ನು ನೀತಿವಂತನೆಂದು ತೀರ್ಪು ಮಾಡುವವನು ಕರ್ತನಿಗೆ ಅಸಹ್ಯ ಎಂದು ಬರೆದಿದೆ. ಪೌಲನೋ ರೋಮಾ 4:5ರಲ್ಲಿ ದೇವರನ್ನೇ ‘ಭಕ್ತಿಹೀನನನ್ನು ನೀತಿವಂತನೆಂದು ನಿರ್ಣಯಿಸುವವನು’ ಎಂದು ಕರೆಯುತ್ತಾನೆ. ಲಂಚ ತಿಂದ ನ್ಯಾಯಾಧೀಶ ಮಾಡುವ ಕೆಲಸವನ್ನು ದೇವರು ಮಾಡುತ್ತಾನೆಯೇ? ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನಾಗಿ ಬೆಳೆದ ಪೌಲನಿಗೆ ಈ ವಚನ ಬಾಯಿಪಾಠ ಬಂದಿರಲೇಬೇಕು. ಅವನ ಉತ್ತರ, ಅಪರಾಧ ಮುಚ್ಚಿಹೋಗಲಿಲ್ಲ, ಅದನ್ನು ಹೊತ್ತವನೊಬ್ಬ ಇದ್ದಾನೆ ಎಂಬುದು. ಕ್ರಿಸ್ತನು ನಮ್ಮ ಅಪರಾಧಗಳ ನಿಮಿತ್ತ ಒಪ್ಪಿಸಲ್ಪಟ್ಟನು, ನಮಗೆ ನೀತಿಯ ನಿರ್ಣಯವಾಗಲೆಂದು ಎಬ್ಬಿಸಲ್ಪಟ್ಟನು. ನಂಬಿದವನು ಆತನಿಗೆ ಸೇರಿದವನಾಗುತ್ತಾನೆ, ಆತನ ತೀರ್ಪು ಇವನ ತೀರ್ಪಾಗುತ್ತದೆ. ದತ್ತು ತೆಗೆದುಕೊಂಡ ಮಗುವಿನ ಹಾಗೆ. ಕಾಗದಕ್ಕೆ ಸಹಿ ಬಿದ್ದ ದಿನವೇ ಅದು ಮನೆಯ ಮಗು. ಹತ್ತು ವರ್ಷ ಒಳ್ಳೆಯದಾಗಿ ನಡೆದು ತೋರಿಸಿದ ಮೇಲೆ ಹೆಸರು ಸೇರಿಸೋಣ ಎಂದು ಯಾವ ತಾಯಿತಂದೆಯೂ ಹೇಳುವುದಿಲ್ಲ. ಪೌಲನೂ 8ನೇ ಅಧ್ಯಾಯದಲ್ಲಿ ದತ್ತು ತೆಗೆದುಕೊಳ್ಳುವ ಮಾತನ್ನೇ ಆಡುತ್ತಾನೆ.

ಪ್ರಾಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ನಿಮ್ಮ ತಾಯಿಯ ಕಷ್ಟವನ್ನು ಬಲ್ಲವರು. 1505ರಲ್ಲಿ ಎರ್ಫುರ್ಟಿನ ಮಠ ಸೇರಿ, ಉಪವಾಸ, ಜಾಗರಣೆ, ಪಾಪನಿವೇದನೆ ಯಾವುದರಲ್ಲೂ ಕೊರತೆ ಮಾಡದವರು. ಆದರೂ ರೋಮಾ 1:17ರ ‘ದೇವರ ನೀತಿ’ ಎಂಬ ಮಾತು ಕಂಡರೆ ಅವರಿಗೆ ದ್ವೇಷ. ಸಾಯುವ ಹಿಂದಿನ ವರ್ಷ, 1545ರಲ್ಲಿ, ಅದನ್ನು ಅವರೇ ಬರೆದಿದ್ದಾರೆ: ಪಾಪಿಯನ್ನು ಶಿಕ್ಷಿಸಲು ದೇವರ ಕೈಯಲ್ಲಿರುವ ಕೋಲು ಎಂದೇ ಆ ನೀತಿಯನ್ನು ತಿಳಿದಿದ್ದರು. ಹಗಲುರಾತ್ರಿ ಆ ವಾಕ್ಯವನ್ನು ಜಗ್ಗಾಡಿದ ಮೇಲೆ, ದೇವರು ನಂಬಿಕೆಯ ಮೂಲಕ ಕೊಡುವ ನೀತಿ ಅದು ಎಂದು ಹೊಳೆಯಿತು. ಸ್ವರ್ಗದ ಬಾಗಿಲು ತೆರೆದಂತಾಯಿತು ಎನ್ನುತ್ತಾರೆ. ಆಮೇಲೆ ಹಿಂದಿನ ಕಾಲದ ಸಭಾಗುರು ಅಗಸ್ಟೀನರನ್ನು ಓದಿದರೆ, ಸಾವಿರ ವರ್ಷಕ್ಕೂ ಹಿಂದೆಯೇ ಅವರು ‘ದೇವರು ನಮಗೆ ತೊಡಿಸುವ ನೀತಿ’ ಎಂದು ಬರೆದಿಟ್ಟಿದ್ದರು. ಹಾಗಾಗಿ ಇದು 16ನೇ ಶತಮಾನದಲ್ಲಿ ಯಾರೋ ಹೊಸದಾಗಿ ಹೊಸೆದ ಬೋಧನೆಯಲ್ಲ.

ಇನ್ನೊಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಪ್ರಸಂಗಗಳಲ್ಲಿ ಇದು ನಿತ್ಯ ತಪ್ಪಾಗುತ್ತದೆ. ‘ಯೆಹೂದ್ಯರದು ಕ್ರಿಯೆಗಳ ಧರ್ಮ, ನಮ್ಮದು ಕೃಪೆಯ ಧರ್ಮ’ ಎಂದು ಹೇಳುವುದು ಅನ್ಯಾಯ. ಹತ್ತು ಆಜ್ಞೆಗಳು ಶುರುವಾಗುವುದು ಆಜ್ಞೆಯಿಂದಲ್ಲ. ‘ನಿನ್ನನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದವನು ನಾನು’ ಎಂಬ ಮಾತಿನಿಂದ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಧರ್ಮೋಪದೇಶಕಾಂಡ 9ರಲ್ಲಿ, ನಿಮ್ಮ ನೀತಿಯ ದೆಸೆಯಿಂದ ಈ ದೇಶ ನಿಮಗೆ ಸಿಗುತ್ತಿಲ್ಲ ಎಂದು ಒಂದರ ಹಿಂದೆ ಒಂದು ಮೂರು ವಚನಗಳಲ್ಲಿ ಮೂರು ಸಲ ಎಚ್ಚರಿಸಿದ್ದಾನೆ ಮೋಶೆ. ‘ನೀತಿವಂತನು ನಂಬಿಕೆಯಿಂದ ಬದುಕುವನು’ ಎಂದವನೂ ಇಸ್ರಾಯೇಲಿನ ಪ್ರವಾದಿ ಹಬಕ್ಕೂಕನೇ. ಕೃಪೆಯನ್ನು ಸಂಪಾದನೆಯಾಗಿ ತಿರುಗಿಸುವ ಚಟ ಒಂದು ಜನಾಂಗದ್ದಲ್ಲ. ಭಾನುವಾರ ತಪ್ಪದೆ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವ ನಮ್ಮದು.

ಕಥೋಲಿಕ ಓದುಗರು ‘ಇದು ನಿಮ್ಮ ಪ್ರಾಟೆಸ್ಟಂಟರ ಮಾತಲ್ಲವೇ’ ಎನ್ನಬಹುದು. ಅಲ್ಲ. 1547ರ ಜನವರಿಯಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ಕೂಡ, ಈ ನಿರ್ಣಯಕ್ಕೆ ಮೊದಲು ಮನುಷ್ಯನಲ್ಲಿರುವ ನಂಬಿಕೆಯಾಗಲಿ ಕ್ರಿಯೆಗಳಾಗಲಿ ಆ ಕೃಪೆಯನ್ನು ಗಳಿಸಲಾರವು ಎಂದೇ ಹೇಳಿತು. ಜಗಳವಿದ್ದದ್ದು ಬೇರೆ ಕಡೆ. ಆ ನೀತಿ ನಮ್ಮೊಳಗೆ ಸುರಿದು ನಮ್ಮನ್ನು ನಿಜವಾಗಿ ನೀತಿವಂತರನ್ನಾಗಿ ಮಾಡುವಂಥದ್ದು ಎಂದು ರೋಮ್. ಅದು ಕ್ರಿಸ್ತನದೇ, ನಮ್ಮ ಲೆಕ್ಕಕ್ಕೆ ಎಣಿಸಿದ್ದು, ಒಳಗಿನ ಬದಲಾವಣೆ ಅದರ ಬೆನ್ನಿಗೇ ಬರುತ್ತದೆ ಎಂದು ಸುಧಾರಕರು. ನನ್ನ ಮನಸ್ಸು ಎರಡನೆಯದರ ಕಡೆ. ನನ್ನೊಳಗೆ ಇಣುಕಿ ನೋಡಿದರೆ ಭರವಸೆ ಅಲುಗುತ್ತದೆ, ಕ್ರಿಸ್ತನ ಕಡೆ ನೋಡಿದರೆ ನಿಲ್ಲುತ್ತದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳೂ ಕಥೋಲಿಕ ಸಭೆಯೂ ಇದೇ ವಿಷಯದ ಮೇಲೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು ಸೇರಿಕೊಂಡವು. ಭಿನ್ನಾಭಿಪ್ರಾಯ ಪೂರ್ತಿ ತೀರಿಲ್ಲ. ಆದರೆ ಆರಂಭ ದೇವರಿಂದ ಎಂಬಲ್ಲಿ ಜಗಳವಿಲ್ಲ.

ನಿಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ. ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಸಾಮ್ಯ ನಿಮಗೆ ಗೊತ್ತು. ಯಜಮಾನ ಬೆಳಗಿನ ಜಾವ ಹೋಗಿ ದಿನಕ್ಕೊಂದು ಬೆಳ್ಳಿ ನಾಣ್ಯವೆಂದು ಕೂಲಿ ಗೊತ್ತುಮಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಕೂಲಿಗಾಗಿ ಜನ ನಿಲ್ಲುವ ನಾಕಾ ನೋಡಿದವರಿಗೆ ಗೊತ್ತು, ಸಂಜೆ ಐದರವರೆಗೆ ಅಲ್ಲಿ ಉಳಿದವರು ಯಾರು ಎಂದು: ತೋಳಲ್ಲಿ ಬಲವಿಲ್ಲದವರು, ವಯಸ್ಸಾದವರು, ಹಿಂದಿನ ದಿನ ಕೆಲಸ ಕೆಡಿಸಿ ಹೆಸರು ಕೆಡಿಸಿಕೊಂಡವರು. ‘ಯಾಕೆ ಸುಮ್ಮನೆ ನಿಂತಿದ್ದೀರಿ?’ ಎಂದರೆ, ‘ನಮ್ಮನ್ನು ಯಾರೂ ಕರೆಯಲಿಲ್ಲ’ ಎನ್ನುತ್ತಾರೆ. ಒಂದು ತಾಸಿನ ಕೂಲಿ ಎಂದರೆ ನಾಣ್ಯದ ಹನ್ನೆರಡರಲ್ಲೊಂದು ಪಾಲು. ಅದರಲ್ಲಿ ಮಕ್ಕಳಿಗೆ ರಾತ್ರಿ ಊಟವಾಗುವುದಿಲ್ಲ. ಯಜಮಾನ ಅವರ ದುಡಿಮೆಯನ್ನು ಅಳೆಯಲಿಲ್ಲ, ಅವರ ಮನೆಯ ಒಲೆಯನ್ನು ನೆನೆದ ಎಂದು ನನಗೆ ಅನಿಸುತ್ತದೆ.

ಆ ಕತೆಯಲ್ಲಿ ನಾವು ದಾಟಿಬಿಡುವ ಒಂದು ಸಣ್ಣ ವಿವರವಿದೆ. ಮೊದಲು ಬಂದವರಿಗೆ ಮೊದಲು ಕೂಲಿ ಕೊಟ್ಟು ಕಳಿಸಿದ್ದರೆ ಅವರು ನಾಣ್ಯ ಸೆರಗಿಗೆ ಕಟ್ಟಿಕೊಂಡು ಸಂತೋಷವಾಗಿ ಮನೆಗೆ ಹೋಗುತ್ತಿದ್ದರು, ಗುಣುಗಾಟವೇ ಇರುತ್ತಿರಲಿಲ್ಲ. ಯಜಮಾನ ಬೇಕೆಂದೇ ಕಡೆಯವರಿಂದ ಶುರುಮಾಡಿಸುತ್ತಾನೆ. ಮೊದಲಿನವರು ನಿಂತು ನೋಡಬೇಕು. ಅವರಿಗೆ ಸಲ್ಲಬೇಕಾದದ್ದರಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ. ಆದರೂ ನೋವಾಯಿತು. ನಿಮ್ಮ ತಾಯಿ ಸಮಾಧಿಯ ದಿನ ನಿಂತು ನೋಡಿದ್ದು ಇದನ್ನೇ.

ಮಾವನವರು ಕೊನೆಯ ತಾಸಿಗೆ ಬಂದವರು. ಯೇಸುವಿನ ಪಕ್ಕದ ಶಿಲುಬೆಯಿಂದ ‘ನನ್ನನ್ನು ನೆನಸಿಕೋ’ ಎಂದು ಬೇಡಿದ ಕಳ್ಳನ ಕೈಕಾಲುಗಳನ್ನು ಬಿಗಿದಾಗಿತ್ತು. ಯಾವ ಪುಣ್ಯಕಾರ್ಯಕ್ಕೂ ಕೈ ಆಡುತ್ತಿರಲಿಲ್ಲ, ಬಾಯಿ ಮಾತ್ರ ಉಳಿದಿತ್ತು. ಅದು ಸಾಕಾಯಿತು. ಮಾವನವರಿಗೂ ಅಷ್ಟು ಸಾಕಾಯಿತೆಂದು ನಾನು ಅನುಮಾನವಿಲ್ಲದೆ ನಂಬುತ್ತೇನೆ. ಆದರೆ ಇದರ ಜೊತೆಗೇ ಒಂದು ಮಾತು ಹೇಳಲೇಬೇಕು. ದೇವರು ಅವರನ್ನು ನೀತಿವಂತರೆಂದದ್ದರಿಂದ ನಿಮ್ಮ ಅತ್ತೆ ಪಟ್ಟ ಪಾಡು ಸುಳ್ಳಾಗುವುದಿಲ್ಲ. ‘ದೇವರೇ ಕ್ಷಮಿಸಿದ್ದಾನೆ, ನೀನೂ ಮರೆತುಬಿಡು’ ಎಂದು ಯಾರಾದರೂ ಅವರಿಗೆ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಆ ನೋವು ದೇವರಿಗೆ ಲೆಕ್ಕಕ್ಕಿಲ್ಲದ್ದಾಗಿದ್ದರೆ ಶಿಲುಬೆಯೇ ಬೇಕಿರಲಿಲ್ಲ.

ಇನ್ನು ಒಳ್ಳೆಯವರಾಗಿ ಬದುಕುವುದೇಕೆ? ಇದು ಪೌಲನ ಕಾಲದಲ್ಲೇ ಎದ್ದ ಪ್ರಶ್ನೆ. ‘ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೋ?’ ಎಂದು ಅವನೇ ಕೇಳಿ, ಎಂದಿಗೂ ಇಲ್ಲ ಎನ್ನುತ್ತಾನೆ. ವಾದಕ್ಕಿಂತ ಜಕ್ಕಾಯನನ್ನು ನೋಡುವುದು ಮೇಲು. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಊರವರ ಹೊಟ್ಟೆ ಹೊಡೆದು ಹಣವಂತನಾದವನು, ಮರ ಹತ್ತಿ ಕೂತಿದ್ದಾನೆ. ಯೇಸು ತಲೆಯೆತ್ತಿ ‘ಇಳಿದು ಬಾ, ಈ ಹೊತ್ತು ನಿನ್ನ ಮನೆಯಲ್ಲಿ ಇಳುಕೊಳ್ಳಬೇಕು’ ಎಂದನು. ಕದ್ದದ್ದನ್ನು ಹಿಂದಿರುಗಿಸು, ಆಮೇಲೆ ಬರುತ್ತೇನೆ ಎನ್ನಲಿಲ್ಲ. ಜನ ಗುಣುಗುಟ್ಟಿದರು. ಆಗ ಜಕ್ಕಾಯ, ಯಾರೂ ಕೇಳದೆಯೇ, ಎದ್ದುನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎಂದ. ಷರತ್ತು ಹಾಕಿದ್ದರೆ ನೂರಕ್ಕೆ ನೂರು ಲೆಕ್ಕ ಹಾಕಿ ಅಷ್ಟೇ ಕೊಡುತ್ತಿದ್ದನೇನೋ. ಮನೆಗೆ ಬಂದ ಅತಿಥಿ ಅವನ ಮುಷ್ಟಿಯನ್ನೇ ಸಡಿಲಿಸಿದ.

ಯಾಕೋಬನ ಪತ್ರಿಕೆಯಲ್ಲಿ ‘ಕ್ರಿಯೆಗಳಿಂದಲೂ ನೀತಿವಂತ’ ಎಂದಿದೆಯಲ್ಲ ಎಂದು ಕೇಳುತ್ತಾರೆ. ಅವನೂ ಆದಿಕಾಂಡ 15:6ನ್ನೇ ಎತ್ತುತ್ತಾನೆ. ಆದರೆ ಅಬ್ರಹಾಮ ಮಗ ಇಸಾಕನನ್ನು ಅರ್ಪಿಸಿದ 22ನೇ ಅಧ್ಯಾಯದಲ್ಲಿ ನಿಂತು ಹಿಂತಿರುಗಿ ನೋಡುತ್ತಾನೆ. ಬೇರು ಇಳಿದದ್ದನ್ನು ಪೌಲ ಹೇಳಿದ, ಹಣ್ಣು ಬಿಟ್ಟದ್ದನ್ನು ಯಾಕೋಬ ಹೇಳಿದ. ಬಾಯಲ್ಲಿ ನಂಬಿಕೆ, ಬಾಗಿಲಲ್ಲಿ ಹಸಿದ ಸಹೋದರ ಎಂಬಂಥವರ ಮೇಲೆ ಅವನಿಗೆ ಸಿಟ್ಟು, ಆ ಸಿಟ್ಟು ನ್ಯಾಯವಾದದ್ದು. 1937ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ, ಪಾಸ್ಟರ್ ಡೀಟ್ರಿಕ್ ಬಾನ್‌ಹಾಫರ್ ‘ಅಗ್ಗದ ಕೃಪೆ’ ಎಂದು ಹೆಸರಿಟ್ಟದ್ದು ಇದಕ್ಕೇ. ಹಿಟ್ಲರನನ್ನು ವಿರೋಧಿಸಿದ್ದಕ್ಕೆ ಅವರನ್ನು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿದರು. ಕೃಪೆಯನ್ನು ನಂಬಿದವರು ಏನೂ ಮಾಡದೆ ಕೂರುತ್ತಾರೆ ಎನ್ನುವವರಿಗೆ ನಾನು ಅವರನ್ನು ತೋರಿಸುತ್ತೇನೆ.

ಒಂದು ಎಚ್ಚರಿಕೆ ನಿಮಗೂ ನನಗೂ. ಕ್ರಿಯೆಗಳನ್ನು ಬಿಟ್ಟು ನಂಬಿಕೆಯನ್ನೇ ನಾಣ್ಯ ಮಾಡಿಕೊಳ್ಳುವವರಿದ್ದಾರೆ. ‘ನನ್ನ ನಂಬಿಕೆ ಸಾಕಷ್ಟಿದೆಯೇ? ಅವನಷ್ಟು ಗಟ್ಟಿಯೇ?’ ಎಂದು ಅಳೆಯಲು ಶುರುಮಾಡಿದರೆ ಮತ್ತೆ ಹಳೇ ಅಂಗಡಿಗೇ ಬಂದ ಹಾಗೆ. ಕರ್ತನ ಭೋಜನಕ್ಕೆ ಮೊಣಕಾಲೂರಿದಾಗ ನಾವು ಎಡಗೈ ಮೇಲೆ ಬಲಗೈ ಇಟ್ಟು ಅಂಗೈ ಚಾಚುತ್ತೇವಲ್ಲ, ನಂಬಿಕೆ ಎಂದರೆ ಅಷ್ಟೇ. ನಾನು ಸಭಾಪಾಲಕನಾಗಿದ್ದಾಗ ಆ ಅಂಗೈಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಸುಣ್ಣ ತಿಂದು ಬಿರಿದದ್ದು, ಮಸಿಯ ಕಲೆ ಹೋಗದ್ದು, ಉಂಗುರ ಹಾಕಿದ್ದು, ನಡುಗುವುದು. ನಡುಗುವ ಕೈಯೊಳಗೆ ಇಟ್ಟ ರೊಟ್ಟಿಯ ತುಂಡು ನಡುಗದ ಕೈಯೊಳಗಿನದಕ್ಕಿಂತ ಚಿಕ್ಕದಾಗಿರಲಿಲ್ಲ.

ಈಗ ನಿಮ್ಮ ತಾಯಿ. ಅವರು ಕೇಳಿದ್ದು ಹೊಟ್ಟೆಕಿಚ್ಚಿನಿಂದಲ್ಲ ಎಂದು ನನಗೆ ಗೊತ್ತು. ಅಷ್ಟು ವರ್ಷ ಕುಡಿದು ಬಂದ ತಮ್ಮನಿಗೆ ಅನ್ನ ಬಡಿಸಿದವರು ಅವರೇ ಇರಬೇಕು. ಅವರ ಉಪವಾಸ, ಆ ಹಿಡಿ ಅಕ್ಕಿ ದಂಡವಾಯಿತೇ? ಇಲ್ಲ. ಅವು ಸ್ವರ್ಗದ ಬಾಗಿಲಲ್ಲಿ ಕಟ್ಟಿದ ಶುಲ್ಕ ಆಗಿರಲಿಲ್ಲ, ಅಷ್ಟೇ. ಅನೇಕ ವರ್ಷ ಅವರು ಮಾಡಿದ್ದು ಮನೆಯೊಳಗಿನ ಮಗಳು ಮಾಡುವ ಕೆಲಸ. ಮನೆಯೊಳಗೆ ಬರಲು ಹೊರಗೆ ನಿಂತವಳು ಮಾಡುವ ಕೆಲಸವಲ್ಲ. ಅವರಿಗೆ ಲೂಕನ 15ನೇ ಅಧ್ಯಾಯ ಓದಿ ಹೇಳಿ. ಆಸ್ತಿ ಹಾಳುಮಾಡಿ ಮನೆಗೆ ಮರಳಿದ, ತಪ್ಪಿಹೋದ ಕಿರಿಯ ಮಗನ ಭಾಗವನ್ನು ಎಲ್ಲರೂ ಓದುತ್ತಾರೆ. ನೀವು ಹಿರಿಯ ಮಗನ ಭಾಗ ಓದಿ. ‘ಇಷ್ಟು ವರ್ಷ ನಿನಗೆ ದಾಸನಂತೆ ದುಡಿದೆ’ ಎಂದು ಅಂಗಳದಲ್ಲಿ ನಿಂತುಬಿಡುತ್ತಾನೆ ಅವನು. ತಂದೆ ಕಿರಿಯವನಿಗಾಗಿ ಓಡಿದ್ದು ನಮಗೆಲ್ಲ ನೆನಪಿದೆ, ಹಿರಿಯವನಿಗಾಗಿಯೂ ಔತಣ ಬಿಟ್ಟು ಹೊರಗೆ ಬಂದದ್ದು ನೆನಪಿರುವುದಿಲ್ಲ. ಬಂದು ಅವನ ದುಡಿಮೆಯ ಲೆಕ್ಕ ತೆಗೆಯಲಿಲ್ಲ, ಗದರಲಿಲ್ಲ. ‘ಕಂದಾ, ನೀನು ಯಾವಾಗಲೂ ನನ್ನ ಸಂಗಡ ಇದ್ದೀ, ನನ್ನದೆಲ್ಲ ನಿನ್ನದೇ’ ಎಂದ. ಮಾವನವರಿಗೆ ಎರಡು ವಾರ ಸಿಕ್ಕಿದ್ದು ನಿಮ್ಮ ತಾಯಿಗೆ ಒಂದು ಜೀವಮಾನ ಸಿಕ್ಕಿತು.

ಇದನ್ನು ಅವರಿಗೆ ಪ್ರಸಂಗದ ಹಾಗೆ ಹೇಳಬೇಡಿ. ಬೆಳಿಗ್ಗೆ ಅವರು ಅಕ್ಕಿ ಅಳೆಯುವ ಹೊತ್ತಿಗೆ ಅಡುಗೆಮನೆಯಲ್ಲಿ ಪಕ್ಕದಲ್ಲಿ ಕೂತು ಓದಿ. ಓದಿದ ಮೇಲೆ ಡಬ್ಬಿಯನ್ನು ನೀವೇ ಅವರ ಮುಂದೆ ಹಿಡಿಯಿರಿ.